ಮಾಗಡಿ ಚನ್ನಪಟ್ಟಣಗಳ ಸೀಮೆಯ ಒಡೆತನ

ಚನ್ನಪಟ್ಟಣಕ್ಕೆ ಸಮೀಪದಲ್ಲಿ ಕಣ್ವಾ ನದಿಯ ಬಳಿ ಇರುವ ದೊಡ್ಡಮಳೂರು ಅಪ್ರಮೇಯಸ್ವಾಮಿಯ ದೇವಾಲಯದಿಂದ ಪ್ರಸಿದ್ಧವಾದ ಪುರಾತನ ಗ್ರಾಮ. ಹಿಂದೂ ಧರ್ಮಶಾಸ್ತ್ರದಲ್ಲಿ ದಾಯಭಾಗಕ್ಕೆ ಪರಮಪ್ರಮಾಣವೆನಿಸಿದ ಮಿತಾಕ್ಷರೆಯನ್ನು ವಿಜ್ಞಾನೇಶ್ವರನು ಈ ಊರಿನಲ್ಲಿಯೇ ಕುಳಿತು ಬರೆದನೆಂಬ ಪ್ರತೀತಿ ಇಲ್ಲಿಯ ಜನರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ವಿಜ್ಞಾನೇಶ್ವರನು ತನ್ನ ಗ್ರಂಥದ ಅಂತ್ಯದಲ್ಲಿ ಕೊಂಡಾಡಿರುವುದು ಕಲ್ಯಾಣಪಟ್ಟಣವನ್ನು ಮತ್ತು ಅದನ್ನಾಳಿದ ಚಾಳುಕ್ಯ ವಿಕ್ರಮಾದಿತ್ಯನನ್ನು. ಆ ಕಾಲದಲ್ಲಿ ಕಾವೇರಿಯ ಆಸುಪಾಸಿನ ಈ ಸೀಮೆಯು ಚಾಳುಕ್ಯರ ಪರಮವೈರಿಗಳಾದ ಚೋಳರ ಕೈಯಲ್ಲಿದ್ದಿತು. ಆದುದರಿಂದ ಈ ಪ್ರತೀತಿಯನ್ನು ಇತಿಹಾಸವೆಂದು ಅಂಗೀಕರಿಸುವುದು ಕಷ್ಟ. ಹಾಗಿದ್ದರೂ ಅದನ್ನು ನಕ್ಕು ತಳ್ಳಿಬಿಡುವುದು ಉಚಿತವಲ್ಲ. ದಾಯಶಾಸ್ತ್ರವು ಹುಟ್ಟಿದುದು ನಮ್ಮೂರಿನಲ್ಲಿ ಎಂದು ಹೆಮ್ಮೆಪಟ್ಟ ಈ ಸೀಮೆಯಲ್ಲಿಯೇ, ನೆಲವು ಯಾರದೆಂಬ ಪ್ರಶ್ನೆಯು ಎರಡು ಶತಮಾನಗಳವರೆಗೆ ಶಾಸ್ತ್ರದಿಂದಲ್ಲ, ಶಸ್ತ್ರದಿಂದ ತೀರ್ಮಾನವಾಗುತ್ತ ಬಂದಿತು.

ಒಡೆತನವು ಹೇಗೆ ಹುಟ್ಟುತ್ತದೆಂಬ ವಿಷಯದಲ್ಲಿ ವಿಜ್ಞಾನೇಶ್ವರನ ವಿಚಾರವು ಅತಿಸೂಕ್ಷ್ಮವಾದುದು. ಗೌತಮನ ಸೂತ್ರವನ್ನನುಸರಿಸಿ ಅವನು ದಾಯ, ಕ್ರಯ, ವಿಭಾಗ, ಸ್ವೀಕಾರ, ನಿಧಿಲಾಭ ಎಂಬಿವು ಎಲ್ಲರಿಗೂ ಸಾಮಾನ್ಯವಾದ ಕಾರಣಗಳೆಂದೂ, ಕ್ಷತ್ರಿಯನಿಗೆ ಇವುಗಳ ಮೇಲೆ ಜಯವೂ ಒಂದು ಕಾರಣವೆಂದೂ ಹೇಳುತ್ತಾನೆ. ಪಿತಾಮಹನ ಭೂಮಿಯಲ್ಲಿ ತಂದೆಗೂ ಮಗನಿಗೂ ಸಮಾನವಾದ ಒಡೆತನ; ಮಗನು ಹುಟ್ಟುವಾಗಲೇ ಅದು ಅವನಿಗೆ ಬರುತ್ತದೆ; ತಂದೆಯ ಮರಣವನ್ನು ಕಾಯಬೇಕಾದುದಿಲ್ಲ. ವ್ಯಾಜ್ಯವು ಬಂದಾಗ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ನೋಡಬೇಕು. ಇವೆಲ್ಲವೂ ಗೃಹಸ್ಥನ ಹೊಲಗದ್ದೆಗಳ ಮಾತಾಯಿತು. ಆದರೆ ರಾಜಶಾಸನದ ಪ್ರಕರಣದಲ್ಲಿ ಅವನು ಇನ್ನೊಂದು ಮಾತನ್ನು ಸೇರಿಸಿದ್ದಾನೆ: ಭೂಮಿಯನ್ನು ದಾನವಾಗಿ ಕೊಡುವ ಅಧಿಕಾರವು ಭೂಪತಿಗೆ ಮಾತ್ರವೇ ಉಂಟು, ಸೀಮೆಯ ಆದಾಯವನ್ನು ಅನುಭವಿಸುವ ಭೋಗಪತಿಗೆ ಇಲ್ಲ. ಮಾಗಡಿ ಚನ್ನಪಟ್ಟಣಗಳ ಪಾಳೆಯಗಾರರ ಕಥೆಯೆಲ್ಲವೂ ಭೂಪತಿ ಭೋಗಪತಿಗಳ ಈ ಭೇದದ ಸುತ್ತಲೇ ತಿರುಗುತ್ತದೆ.

ಆವತಿಯ ಒಕ್ಕಲಿಗ ಮನೆತನದಿಂದ ಕವಲೊಡೆದು ಯಲಹಂಕದಲ್ಲಿ ನೆಲೆಸಿದ ವಂಶದವರಿಗೆ ನಾಡಪ್ರಭುಗಳೆಂಬ ಬಿರುದು ಇದ್ದಿತು. ನಾಡಿನ ಕಂದಾಯವನ್ನೆತ್ತಿ ರಾಯರಿಗೆ ಸಲ್ಲಿಸುವುದು, ದಂಡನ್ನಿಟ್ಟು ಸೀಮೆಯನ್ನು ಕಾಯುವುದು ಅವರ ಕರ್ತವ್ಯ. ತಂದೆಯ ತರುವಾಯ ಮಗನು ಈ ಅಧಿಕಾರಕ್ಕೆ ಬರುತ್ತಿದ್ದನು; ಆದರೆ ರಾಯರ ಅನುಗ್ರಹವು ತಪ್ಪಿದರೆ ಬರುತ್ತಿರಲಿಲ್ಲ. ಈ ವಂಶದ ಹಿರಿಯ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದನು. ವಿಜಯನಗರದ ಅಚ್ಯುತರಾಯನು ಮೆಚ್ಚಿ ಹಲಸೂರು, ಬೇಗೂರು, ವರ್ತೂರು, ಜಿಗಣಿ ಮೊದಲಾದ ಹೋಬಳಿಗಳನ್ನು ಅವನಿಗೆ ದಯಪಾಲಿಸಿದನೆಂದು ಪರಂಪರೆಯು ಹೇಳುತ್ತದೆ. ಅನಂತರ ಅವನು ರಾಯರ ಅಪ್ಪಣೆಯಿಲ್ಲದೆ ಸ್ವಂತ ನಾಣ್ಯವನ್ನು ಟಂಕಿಸಿದನಂತೆ. ನಾಣ್ಯವನ್ನು ಟಂಕಿಸುವುದು ಭೂಪತಿಯ ಲಕ್ಷಣ; ಭೋಗಪತಿಯು ಅದಕ್ಕೆ ಕೈಹಾಕಿದರೆ ಅದು ದ್ರೋಹ. ಕೆಂಪೇಗೌಡನು ಐದು ವರ್ಷ ಆನೆಗೊಂದಿಯಲ್ಲಿ ಸೆರೆಯಲ್ಲಿರಬೇಕಾಯಿತೆಂದೂ, ಅವನ ಸೀಮೆಯನ್ನು ಚನ್ನಪಟ್ಟಣದ ಜಗದೇವರಾಯನಿಗೆ ಸೇರಿಸಲಾಯಿತೆಂದೂ, ದೊಡ್ಡ ಮೊತ್ತದ ದಂಡವನ್ನು ತೆತ್ತ ಮೇಲೆ ಅದು ಹಿಂದಕ್ಕೆ ಬಂದಿತೆಂದೂ ಕಥೆಯು ಮುಂದುವರಿಯುತ್ತದೆ.

ಈ ಕಥೆಯಲ್ಲಿ ಕಾಲದ ತೊಡಕೊಂದುಂಟು. ಕೆಂಪೇಗೌಡನು ತೀರಿಕೊಂಡುದು 1569ರಲ್ಲಿ. ಬಿಜಾಪುರದ ಸೇನೆಯಿಂದ ಪೆನುಗೊಂಡೆಯನ್ನು ಕಾಪಾಡಿದ ಪರಾಕ್ರಮಕ್ಕಾಗಿ ಜಗದೇವರಾಯನಿಗೆ ಬಾರಾಮಹಲಿನಿಂದ ಪಶ್ಚಿಮಘಟ್ಟಗಳವರೆಗಿನ ಸೀಮೆಯು ದೊರೆತು, ಅವನು ಚನ್ನಪಟ್ಟಣವನ್ನು ರಾಜಧಾನಿಯಾಗಿ ಮಾಡಿಕೊಂಡುದಾದರೋ ತಾಳಿಕೋಟೆಯ ಯುದ್ಧವಾಗಿ ಹತ್ತಾರು ವರ್ಷಗಳು ಕಳೆದ ಮೇಲೆ. ಮೊದಲನೆಯವನ ಸೆರೆಯ ಕಾಲಕ್ಕೆ ಎರಡನೆಯವನ ಚನ್ನಪಟ್ಟಣವನ್ನು ಹೊಂದಿಸುವುದು ಸುಲಭವಲ್ಲ. ಎರಡು ಮನೆತನಗಳೂ ಒಂದೇ ನೆಲಕ್ಕೆ ಬಹುಕಾಲ ಹಕ್ಕು ಹೇಳುತ್ತಿದ್ದುದರ ನೆನಪು ಒಬ್ಬ ಪ್ರಸಿದ್ಧಪುರುಷನ ಜೀವನಕ್ಕೆ ಅಂಟಿಕೊಂಡು ಹೀಗೆ ಉಳಿದಿರಬಹುದು. ಕಥೆಯ ತಿರುಳು ಮಾತ್ರ ಸ್ಪಷ್ಟ. ನೋಡುತ್ತ ಸುಮ್ಮನಿದ್ದ ಒಡೆಯನ ನೆಲವನ್ನು ಪರನು ಇಪ್ಪತ್ತು ವರ್ಷ ಅನುಭೋಗಿಸಿದರೆ ಒಡೆಯನಿಗೆ ಹಾನಿಯೆಂದು ಸ್ಮೃತಿಯು ಹೇಳುತ್ತದೆ. ಆಗಲೂ ನಷ್ಟವಾಗುವುದು ಫಲವೇ ಹೊರತು ನೆಲವಲ್ಲವೆಂದು ಮಿತಾಕ್ಷರೆಯ ಅಭಿಪ್ರಾಯ. ಸಾಮಾನ್ಯ ಒಕ್ಕಲಿಗೆ ಶಾಸ್ತ್ರವು ಇಷ್ಟು ರಕ್ಷಣೆಯನ್ನು ಕೊಟ್ಟಿದ್ದಿತು. ಆನೆಗೊಂದಿಯ ಸೆರೆಯಲ್ಲಿದ್ದ ಪ್ರಭುವು ನೋಡುತ್ತ ಸುಮ್ಮನಿದ್ದವನೂ ಅಲ್ಲ. ಆದರೂ ಅವನ ನೆರವಿಗೆ ಯಾವ ಶ್ಲೋಕವೂ ಬರಲಿಲ್ಲ, ದಂಡದ ಹಣವು ಬಂದಿತು.

ಮುಂದಿನ ಚರಿತ್ರೆಯೂ ಇದೇ ರೀತಿಯದು. 1543ರಲ್ಲಿ ವಿಜಯನಗರದ ಅಧಿಕಾರಿಯಾದ ಸಾಮಂತರಾಯನು ಸಾವನದುರ್ಗದ ಕೋಟೆಯನ್ನು ಕಟ್ಟಿಸಿದನು. 1570ರ ಸುಮಾರಿನಲ್ಲಿ ಅದೂ ಮಾಗಡಿಯೂ ಇಮ್ಮಡಿ ಕೆಂಪೇಗೌಡನ ವಶವಾದುವು. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಚನ್ನಪಟ್ಟಣವನ್ನು ಗೆದ್ದುಕೊಂಡರು. ಜಗದೇವರಾಯನ ವಂಶದ ಪ್ರಭುತ್ವವು ಅಲ್ಲಿಗೆ ಮುಗಿಯಿತು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿದುಕೊಳ್ಳಲು, ಕೆಂಪೇಗೌಡನು ಮಾಗಡಿಗೆ ಸರಿದು ಅದನ್ನೇ ರಾಜಧಾನಿಯಾಗಿ ಮಾಡಿಕೊಂಡನು.

ಕೆಂಪೇಗೌಡನು ಹೀಗೆ ಬಿಟ್ಟುಬಂದ ಬೆಂಗಳೂರಿಗೆ ಒದಗಿದ ಗತಿಯನ್ನು ನೋಡಿದರೆ ದಾಯದ ವಿಚಿತ್ರವು ಇನ್ನಷ್ಟು ತಿಳಿಯುವುದು. ಆ ಸೀಮೆಯು ಷಹಾಜಿ ಭೋಸಲೆಗೆ ಜಹಗೀರಾಯಿತು. 1664ರಲ್ಲಿ ಅವನು ಮೃತನಾದ ಮೇಲೆ ಕರ್ನಾಟಕದ ಆಸ್ತಿಯೆಲ್ಲವೂ ಕಿರಿಯ ಹೆಂಡತಿಯ ಮಗನಾದ ಏಕೋಜಿಯ ಕೈಯಲ್ಲಿ ಉಳಿಯಿತು. 1677ರಲ್ಲಿ ಶಿವಾಜಿಯು ದಕ್ಷಿಣಕ್ಕೆ ದಂಡೆತ್ತಿ ಬಂದು ತಂದೆಯ ಸೊತ್ತಿನಲ್ಲಿ ತನ್ನ ಪಾಲನ್ನು ಕೇಳಿದನು. ಪಾಲನ್ನು ಕೇಳುವ ಆ ಮಾತು ಶಾಸ್ತ್ರಸಮ್ಮತವಾದುದೇ; ಆದರೆ ಬಿಜಾಪುರದ ಸುಲ್ತಾನನು ಚಾಕರಿಗಾಗಿ ಕೊಟ್ಟ ಜಹಗೀರು ಪಿತ್ರಾರ್ಜಿತವಾದುದು ಹೇಗೆಂಬ ಪ್ರಶ್ನೆಯು ಉಳಿದೇ ಇದೆ. ಹತ್ತು ವರ್ಷಗಳ ಮೇಲೆ, 1687ರಲ್ಲಿ, ಏಕೋಜಿಯು ಬೆಂಗಳೂರನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರಲು ಮಾತನಾಡುತ್ತಿರುವಾಗಲೇ ಮೊಗಲರ ಕಾಸಿಮ್‌ಖಾನನು ಊರನ್ನು ಆಕ್ರಮಿಸಿದನು. ತರುವಾಯ ಮೂರು ಲಕ್ಷ ರೂಪಾಯಿಗಳಿಗೆ ಅದು ಒಡೆಯರಿಗೇ ಸೇರಿತು. ರಾಜದತ್ತಿ, ಜಯ, ದಾಯ, ಕ್ರಯ ಎಂಬ ನಾಲ್ಕು ಮಾರ್ಗಗಳೂ ಒಂದೂವರೆ ಶತಮಾನದೊಳಗೆ ಒಂದೇ ನೆಲದ ಮೇಲೆ ಹಾದುಹೋದುವು.

ಮಾಗಡಿಯ ಪ್ರಭುಗಳಿಗೆ ಉಳಿದಿದ್ದುದು ಸಾವನದುರ್ಗದ ಬಂಡೆ ಮತ್ತು ಸುತ್ತಣ ಸೀಮೆ. 1728ರಲ್ಲಿ, ದೊಡ್ಡ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ದುರ್ಗವನ್ನೂ ವಶಪಡಿಸಿಕೊಂಡನು. ಕಡೆಯ ಪ್ರಭುವಾದ ಮುಮ್ಮಡಿ ಕೆಂಪವೀರೇಗೌಡನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ಅವನು ಅಲ್ಲಿಯೇ ಕಾಲವಾದನು. ಲಿಖಿತ, ಭುಕ್ತಿ, ಸಾಕ್ಷಿಗಳನ್ನು ಇಟ್ಟು ತೂಗಿದರೆ ಮಾಗಡಿಯವರ ಪಕ್ಷವು ದುರ್ಬಲವಾದುದಲ್ಲ. ಸುಮಾರು ನೂರೈವತ್ತೆಂಟು ವರ್ಷಗಳ ಅನುಭೋಗವು ಮೂರು ತಲೆಗಳನ್ನು ಮೀರಿದುದು. ಅವರು ಕಟ್ಟಿಸಿದ ಗುಡಿಗೋಪುರಗಳೇ ಸಾಕ್ಷಿ. ಆದರೆ ಲಿಖಿತವನ್ನು ಕೊಟ್ಟ ವಿಜಯನಗರವೇ ಆ ವೇಳೆಗೆ ಇಲ್ಲವಾಗಿದ್ದಿತು. ಭೋಗಪತಿಯು ಭೂಪತಿಯಿಲ್ಲದೆ ಉಳಿದರೆ ತಾನೇ ಭೂಪತಿಯಾಗಬೇಕು, ಇಲ್ಲವೇ ಮತ್ತೊಬ್ಬ ಭೂಪತಿಗೆ ವಶನಾಗಬೇಕು. ಮೈಸೂರಿನವರ ಹಕ್ಕು ಗೌತಮನ ಪಟ್ಟಿಯಲ್ಲಿ ಕ್ಷತ್ರಿಯನಿಗೆ ಹೇಳಿದ ಕಾರಣವಾದ ಜಯದ ಮೇಲೆ ನಿಂತಿತು.

ಇದು ಈ ನಾಡಿನ ದೋಷವೊಂದೇ ಎಂದು ಭಾವಿಸಬೇಕಾದುದಿಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮ್ಯಾನರ್ ಎಂಬ ಸಂಸ್ಥಾನವು ಸಾಮಾನ್ಯವಾಗಿ ಹಿರಿಯ ಮಗನಿಗೆ ಸಲ್ಲುತ್ತಿದ್ದಿತು. ವ್ಯಾಜ್ಯವನ್ನು ವಿಚಾರಿಸಲು ರಾಜನ ನ್ಯಾಯಸ್ಥಾನಗಳೂ ಇದ್ದುವು. ಹಾಗಿದ್ದರೂ 1459ರಲ್ಲಿ ಸರ್ ಜಾನ್ ಫಾಸ್ಟಾಲ್ಫನು ಗತಿಸಿ, ಅವನ ಕೈಸ್ಟರ್ ಎಂಬ ಕೋಟೆಮನೆಯು ಮರಣಶಾಸನದ ಪ್ರಕಾರ ತನಗೆ ಬಂದಿತೆಂದು ಜಾನ್ ಪ್ಯಾಸ್ಟನನು ಹಕ್ಕು ಹೇಳಿದಾಗ, ದಾವೆಯು ವರ್ಷಗಟ್ಟಲೆ ಎಳೆಯಿತು. 1469ರಲ್ಲಿ ನಾರ್ಫಕ್ ಡ್ಯೂಕನು ದಂಡಿನೊಡನೆ ಮುತ್ತಿ ಅದನ್ನು ಕಿತ್ತುಕೊಂಡನು. 1476ರಲ್ಲಿ ಆ ಡ್ಯೂಕನು ಮೃತನಾದ ಮೇಲೆಯೇ ಅದು ಪ್ಯಾಸ್ಟನರಿಗೆ ಮರಳಿತು. ಅಲ್ಲಿ ಕಡೆಗೆ ಹಿಂದಿರುಗಿಸಿಕೊಡಲು ಎರಡು ಪಕ್ಷಗಳ ಮೇಲೂ ಒಬ್ಬ ರಾಜನಿದ್ದನು. ಇಲ್ಲಿ ಮಾಗಡಿಗೂ ಮೈಸೂರಿಗೂ ನಡುವೆ ನ್ಯಾಯ ಹೇಳುವವರಾರೂ ಇರಲಿಲ್ಲ. ಭೇದವಿರುವುದು ಇಷ್ಟರಲ್ಲಿಯೇ.

ಹಾಗಾದರೆ ಈ ಸೀಮೆಯಲ್ಲಿ ದಾಯವೆಂಬುದು ಬರಿಯ ಮಾತೇ? ಅಲ್ಲ. ಪ್ರಭುಗಳ ಕೆಳಗೆ ಇನ್ನೊಂದು ಒಡೆತನವಿದ್ದಿತು. ಗೌಡಿಕೆ, ಶಾನುಭೋಗಿಕೆ, ತೋಟಿ ತಳವಾರಿಕೆಗಳು ತಂದೆಯಿಂದ ಮಗನಿಗೆ ಇಳಿದುಬರುತ್ತಿದ್ದುವು. ಕೆರೆಯನ್ನು ಕಟ್ಟಿಸಿದವನಿಗೆ ಕಟ್ಟುಕೊಡಗಿಯ ಗದ್ದೆ, ದೇವಾಲಯಕ್ಕೆ ದೇವಾದಾಯ, ಬ್ರಾಹ್ಮಣರಿಗೆ ಬ್ರಹ್ಮಾದಾಯವೆಂದು ಧಾರಾಪೂರ್ವಕವಾಗಿ ಕೊಟ್ಟ ಭೂಮಿಗಳು ಆಚಂದ್ರಾರ್ಕವಾಗಿ ನಡೆಯಬೇಕೆಂದು ಶಿಲಾಶಾಸನಗಳಲ್ಲಿ ಬರೆಯಿಸುತ್ತಿದ್ದರು. ತಾನು ಕೊಟ್ಟುದಕ್ಕಿಂತಲೂ ಪರರು ಕೊಟ್ಟುದನ್ನು ಪಾಲಿಸುವುದು ಇಮ್ಮಡಿ ಪುಣ್ಯವೆಂದು ಮುಂದಿನ ದೊರೆಗಳಿಗೆ ಅದರಲ್ಲಿಯೇ ಬಿನ್ನಹವೂ ಇರುತ್ತಿದ್ದಿತು. ಗೆದ್ದವನು ಸೋತವನ ಕೋಟೆಯನ್ನು ಕಿತ್ತುಕೊಳ್ಳುತ್ತಿದ್ದನು. ಅವನ ದತ್ತಿಯನ್ನು ಕಿತ್ತುಕೊಳ್ಳಲು ಹೆದರುತ್ತಿದ್ದನು. ಸೀಮೆಯು ಒಡೆಯನಿಂದ ಒಡೆಯನಿಗೆ ಕೈಬದಲಾದಾಗಲೂ ಕೆರೆಯ ತೂಬಿನ ನೀರು ಅದೇ ಗದ್ದೆಗೆ ಹರಿಯುತ್ತಿದ್ದಿತು. ಮಿತಾಕ್ಷರೆಯು ಆಳಿದುದು ಈ ಕೆಳಗಿನ ಲೋಕವನ್ನು.

ಯುದ್ಧದ ಬೇಗೆಯು ಈ ಲೋಕವನ್ನು ಮುಟ್ಟದೆ ಬಿಡಲಿಲ್ಲವೆಂಬುದೂ ನಿಜ. ಆಂಗ್ಲರ ದಂಡಿಗೆ ಉಪಯೋಗವಾಗಬಾರದೆಂದು ಟಿಪ್ಪುಸುಲ್ತಾನನು ಕಾನಕಾನಹಳ್ಳಿಯನ್ನು, ಎಂದರೆ ಕನಕಪುರವನ್ನು, ಎರಡು ಸಾರಿ ಹಾಳುಗೆಡವಿಸಿದನು. 1791ರ ಡಿಸೆಂಬರಿನಲ್ಲಿ ಸಾವನದುರ್ಗವೂ ರಾಮಗಿರಿಯೂ ಕಾರ್ನ್‌ವಾಲಿಸನ ಸೇನೆಗೆ ಬಿದ್ದುವು. ರಾಮಗಿರಿಯ ಬಳಿ 1800ರಲ್ಲಿ ದಿವಾನ್ ಪೂರ್ಣಯ್ಯನವರು ನೆಲೆಗೊಳಿಸಿದ ಪೇಟೆಗೆ ರೆಸಿಡೆಂಟನಾದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯೆಂದು ಹೆಸರಾಯಿತು. ಸ್ವಾತಂತ್ರ್ಯ ಬಂದ ಮೇಲೆ ಅದೇ ರಾಮನಗರವಾಯಿತು. ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ 2007ರಲ್ಲಿ ರಚಿಸಿದ ಜಿಲ್ಲೆಗೆ ಅದರ ಹೆಸರನ್ನಿಟ್ಟು, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಬದಲಾಯಿಸಿದರು. ಹೆಸರಿಡುವುದೂ ಒಡೆತನದ ಒಂದು ಬಗೆ.

ಇಪ್ಪತ್ತನೆಯ ಶತಮಾನವು ಕೆಳಗಿನ ಲೋಕದ ಹಕ್ಕುಗಳನ್ನೂ ವಿಚಾರಣೆಗೆ ತಂದಿತು. ಮಿತಾಕ್ಷರೆಯ ಜನ್ಮಸ್ವತ್ವವು ಗಂಡುಮಕ್ಕಳಿಗೆ ಮಾತ್ರ ಸಂದಿದ್ದಿತು. ಮೈಸೂರು ಸಂಸ್ಥಾನವು 1933ರ ಶಾಸನದಿಂದ ಹಿಂದೂ ಸ್ತ್ರೀಯರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿತು. ಕರ್ನಾಟಕವು 1994ರಲ್ಲಿಯೂ, ಭಾರತವು 2005ರಲ್ಲಿಯೂ ಹೆಣ್ಣುಮಗಳನ್ನು ಹುಟ್ಟಿನಿಂದಲೇ ಪಾಲುಗಾರಳನ್ನಾಗಿ ಮಾಡಿದುವು. 1954 ಮತ್ತು 1955ರ ಶಾಸನಗಳಿಂದ ಇನಾಮುಗಳೂ, 1961ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳೂ ರದ್ದಾದುವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯು ಉಳುವ ಗೇಣಿದಾರನ ಹಕ್ಕನ್ನು ಎತ್ತಿಹಿಡಿಯಿತು. ಆಚಂದ್ರಾರ್ಕವೆಂದು ಬರೆಯಿಸಿದ ದತ್ತಿಗಳು ಹೀಗೆ ಕಾಗದದ ಶಾಸನಗಳಿಗೆ ಮಣಿದುವು. ಇದನ್ನು ಅನ್ಯಾಯವೆಂದು ಹಲುಬುವುದಕ್ಕೆ ಮುಂಚೆ, ಆ ಗದ್ದೆಗಳನ್ನು ತಲೆತಲಾಂತರದಿಂದ ಉತ್ತು, ಯಾವ ಕಲ್ಲಿನಲ್ಲಿಯೂ ತನ್ನ ಹೆಸರನ್ನು ಕಾಣದ ಒಕ್ಕಲನ್ನು ನೆನೆಯಬೇಕು. ಲಿಖಿತವೂ ಸಾಕ್ಷಿಯೂ ಅವನಿಗಿರಲಿಲ್ಲ. ಫಲವನ್ನು ಒಡೆಯರಿಗೆ ಅಳೆದುಕೊಟ್ಟವನಿಗೆ ಭುಕ್ತಿಯೆನ್ನಬಹುದಾದುದು ದುಡಿಮೆಯೊಂದೇ. ಭೂಪತಿ ಭೋಗಪತಿಗಳಿಬ್ಬರೂ ಅಳಿದ ಮೇಲೆ ಆ ದುಡಿಮೆಯೂ ಪ್ರಮಾಣವೆಂದು ಅಂಗೀಕೃತವಾದುದು ಈ ಸೀಮೆಯ ದೀರ್ಘವ್ಯಾಜ್ಯದಲ್ಲಿ ಒಂದು ಒಳ್ಳೆಯ ತೀರ್ಪೆಂದೇ ಹೇಳಬೇಕು.