ಕಾರಿನೊಳಗೆ ಬಂದ ಉಪಗ್ರಹದ ಸಂಕೇತ

1957ರಲ್ಲಿ ಸ್ಪುಟ್ನಿಕ್ ಹಾರಿದಾಗ, ಅದರ ರೇಡಿಯೋ ದನಿಯ ಏರಿಳಿತದಿಂದಲೇ ಕಕ್ಷೆಯನ್ನು ಲೆಕ್ಕಹಾಕಬಹುದೆಂದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಜ್ಞಾನಿಗಳು ಕಂಡುಕೊಂಡರು. ಜಿಪಿಎಸ್‌ನ ಬೇರು ಅಲ್ಲಿದೆ. ಮೊದಲ ಜಿಪಿಎಸ್ ಉಪಗ್ರಹ ಮೇಲೇರಿದ್ದು 1978ರಲ್ಲಿ. ಜಪಾನಿನ ಮಜ್ದಾ ಕಂಪನಿ ಜಿಪಿಎಸ್ ಅನ್ನು ಕಾರಿಗೆ ತಂದದ್ದು 1990ರಲ್ಲಿ.

ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ ಸಂಕೇತ ತೀರ ಕ್ಷೀಣ. ಆದರೆ ಪ್ರತಿ ಉಪಗ್ರಹಕ್ಕೂ ತನ್ನದೇ ಸಂಕೇತಾವಳಿ ಇರುವುದರಿಂದ ಗದ್ದಲದ ನಡುವೆಯೂ ಸಾಧನ ಅದನ್ನು ಹೆಕ್ಕುತ್ತದೆ; ಈ ವ್ಯವಸ್ಥೆಯ ನಿಜವಾದ ಸೊಗಸು ಇದೇ. ಬಳಿಕ ಕಕ್ಷೆಯ ವಿವರ ಪಡೆಯಲು ಅರ್ಧ ನಿಮಿಷದಷ್ಟು ಬೇಕು. ಹಲವು ಸಾಧನಗಳ ಪರದೆಯಲ್ಲಿ ಉಪಗ್ರಹಕ್ಕೊಂದು ಪಟ್ಟಿ: ವಿವರ ಕೈಸೇರುವವರೆಗೆ ಟೊಳ್ಳು, ಆಮೇಲೆ ತುಂಬಿದ್ದು. ನಾಲ್ಕು ತುಂಬಿದರೆ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಸಿಗುತ್ತವೆ.

ನಾಗರಿಕ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ನೂರು ಮೀಟರ್‌ವರೆಗಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು.