ಕಣವೇಗವರ್ಧಕಗಳಲ್ಲಿ ಯಂತ್ರರಕ್ಷಣೆ

ಭಾರೀ ಶಕ್ತಿಯ ಕಣವೇಗವರ್ಧಕವನ್ನು ಅದರೊಳಗೇ ಓಡುವ ಕಣಪುಂಜದಿಂದ ಕಾಪಾಡುವ ಏರ್ಪಾಟು. ಇಂಥ ಯಂತ್ರಕ್ಕೆ ಅದು ಹೊತ್ತಿರುವ ಪುಂಜವೇ ದೊಡ್ಡ ಶತ್ರು.

ಜಿನೀವಾ ಬಳಿ ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ (ಎಲ್‌ಎಚ್‌ಸಿ) 27 ಕಿ.ಮೀ. ಉಂಗುರದಲ್ಲಿ ಎರಡು ಪ್ರೋಟಾನ್ ಪುಂಜಗಳು ಎದುರುಬದುರಾಗಿ ಸುತ್ತುತ್ತವೆ. ಮೂಲ ವಿನ್ಯಾಸದ ಪ್ರಕಾರ ಒಂದು ಪುಂಜದಲ್ಲಿ 2,808 ಗೊಂಚಲುಗಳು, ಗೊಂಚಲಿಗೆ ಸುಮಾರು 11,500 ಕೋಟಿ ಪ್ರೋಟಾನ್‌ಗಳು. ಎಲ್ಲ ಕೂಡಿದರೂ ತೂಕ ಒಂದು ನ್ಯಾನೋಗ್ರಾಂ ತುಂಬದು; ಶಕ್ತಿ ಮಾತ್ರ 362 ಮೆಗಾಜೂಲ್. ಅರ್ಧ ಟನ್ ತಾಮ್ರ ಕರಗಿಸಲು ಅಷ್ಟು ಸಾಕು. ಪುಂಜವನ್ನು ದಾರಿಯಲ್ಲಿಡುವ ಅತಿವಾಹಕ ಕಾಂತಗಳಂತೂ ಇನ್ನೂ ಸೂಕ್ಷ್ಮ: ಪುಂಜದ ಅತ್ಯಲ್ಪ ಪಾಲು ತಗುಲಿದರೂ ಬಿಸಿಯಾಗಿ ಅತಿವಾಹಕತೆ ಕಳೆದುಕೊಳ್ಳುತ್ತವೆ.

ಪುಂಜ ಒಂದು ಸುತ್ತು ಮುಗಿಸಲು 89 ಮೈಕ್ರೋಸೆಕೆಂಡು ಸಾಕು. ಮನುಷ್ಯ ನೋಡಿ ಗುಂಡಿ ಒತ್ತುವ ಮಾತೇ ಇಲ್ಲ. ದಾರಿ ತಪ್ಪಿದ ಕಣಗಳನ್ನು ಮೊದಲು ಕಾಲಿಮೇಟರ್‌ಗಳ ದವಡೆಗಳು ತಡೆಯುತ್ತವೆ. ಪುಂಜಕ್ಕೆ ತೀರಾ ಹತ್ತಿರದವು ಮೂಲ ವಿನ್ಯಾಸದಲ್ಲಿ ಇಂಗಾಲ ನಾರಿನವು. ಉಂಗುರದುದ್ದಕ್ಕೂ ಇರುವ 3,600ಕ್ಕೂ ಹೆಚ್ಚು ಅಯಾನೀಕರಣ ಕೋಷ್ಠಗಳು ಸೋರಿಕೆಯನ್ನು ಅಳೆಯುತ್ತಲೇ ಇರುತ್ತವೆ. ಪುಂಜ ಸುತ್ತುತ್ತಿರಲು ಅನುಮತಿ ಸಂಕೇತವೊಂದು ಎಡೆಬಿಡದೆ ಹರಿಯಬೇಕು. ಮಿತಿ ಮೀರಿದ ಸೋರಿಕೆಯಿರಲಿ, ತಂತಿ ಕಡಿದಿರಲಿ, ಕರೆಂಟೇ ಹೋಗಿರಲಿ, ಸಂಕೇತ ನಿಂತರೆ ಪುಂಜವನ್ನು ಹೊರಗೆ ಹಾಕಲಾಗುತ್ತದೆ. ಏನೇ ಕೆಟ್ಟರೂ ಸಂಕೇತ ನಿಲ್ಲುವುದರಲ್ಲೇ ಈ ವ್ಯವಸ್ಥೆಯ ಜಾಣತನವೆಲ್ಲ ಇದೆ. ಪುಂಜದ ನಡುವೆ ಬೇಕೆಂದೇ ಬಿಟ್ಟಿರುವ 3 ಮೈಕ್ರೋಸೆಕೆಂಡಿನ ಖಾಲಿ ಜಾಗ ಬಂದಾಗ 15 ವೇಗದ ಕಾಂತಗಳು ಎದ್ದು ಪುಂಜವನ್ನು ಪಕ್ಕದ ಸುರಂಗಕ್ಕೆ ತಿರುಗಿಸುತ್ತವೆ. ಆ ಸುರಂಗದ ಕೊನೆಯಲ್ಲಿ ಪುಂಜವನ್ನು ಹೀರುವ ಗ್ರಾಫೈಟ್ ದಿಮ್ಮಿಯೂ ಒಂದೇ ಬಿಂದುವಿನಲ್ಲಿ ಅಷ್ಟು ಶಕ್ತಿಯನ್ನು ತಾಳಲಾರದು. ಹಾಗಾಗಿ ಪುಂಜವನ್ನು ಸುರುಳಿಯಂತೆ ಹರಡಿ ಬೀಳಿಸುತ್ತಾರೆ.

ಸೋರಿಕೆಯ ಮಿತಿಯನ್ನು ತೀರಾ ಬಿಗಿಯಾಗಿ ಇಟ್ಟರೂ ತೊಂದರೆಯೇ. ಕೊಳವೆಯೊಳಗಿನ ಧೂಳಿನ ಕಣವೊಂದು ಪುಂಜಕ್ಕೆ ಅಡ್ಡ ಬಂದರೂ ಎಲ್ಲವನ್ನೂ ಹೊರಹಾಕಬೇಕಾದೀತು. ಮತ್ತೆ ತುಂಬಿ ಶಕ್ತಿ ಏರಿಸಲು ಗಂಟೆಗಳೇ ಬೇಕು.

ಅಪಘಾತಗಳೂ ಆಗಿವೆ. 2003ರ ಡಿಸೆಂಬರಿನಲ್ಲಿ ಅಮೆರಿಕದ ಫರ್ಮಿಲ್ಯಾಬಿನ ಟೆವಟ್ರಾನ್ ವೇಗವರ್ಧಕದಲ್ಲಿ ಚಲಿಸುವ ಶೋಧಕವೊಂದು ಪುಂಜದ ದಾರಿಗೆ ನುಗ್ಗಿ ಕಾಲಿಮೇಟರ್ ಹಾಳಾಯಿತು. 2004ರಲ್ಲಿ ಸರ್ನ್‌ನ ಎಸ್‌ಪಿಎಸ್ ವೇಗವರ್ಧಕದಿಂದ ಹೊರತೆಗೆದ ಪುಂಜ ನಿರ್ವಾತ ಕೊಳವೆಯನ್ನೇ ಸೀಳಿತು. ಜಪಾನಿನ ಟೋಕಾಯ್‌ನಲ್ಲಿರುವ ಜೆ-ಪಾರ್ಕ್‌ನ ಹ್ಯಾಡ್ರಾನ್ ಪ್ರಯೋಗಾಲಯದಲ್ಲಿ 2013ರ ಮೇ 23ರಂದು ಸುಮಾರು 2 ಸೆಕೆಂಡಿನಲ್ಲಿ ನಿಧಾನವಾಗಿ ಬರಬೇಕಿದ್ದ ಪ್ರೋಟಾನ್‌ಗಳು 5 ಮಿಲಿಸೆಕೆಂಡಿನಲ್ಲೇ ನುಗ್ಗಿ ಚಿನ್ನದ ಗುರಿಯ ಒಂದು ಭಾಗ ಆವಿಯಾಯಿತು. ರಕ್ಷಣಾ ವ್ಯವಸ್ಥೆ ಪುಂಜವನ್ನು ನಿಲ್ಲಿಸಿತ್ತು. ಸಿಬ್ಬಂದಿ ಎಚ್ಚರಿಕೆಯನ್ನು ರೀಸೆಟ್ ಮಾಡಿ ಮತ್ತೆ ನಡೆಸಿದರು. ವಿಕಿರಣಶೀಲ ವಸ್ತು ಹೊರಗೂ ಸೋರಿತು. ಆ ಪ್ರಯೋಗಾಲಯದಲ್ಲಿ ಪುಂಜ ಮತ್ತೆ ಹರಿದದ್ದು 2015ರಲ್ಲಿ.