ಔಟ್ ರನ್: ಮೆಗಾ ಡ್ರೈವ್ ಆವೃತ್ತಿಯ ಸಂಗೀತ

ಔಟ್ ರನ್ ಜಪಾನಿನ ಸೆಗಾ ಕಂಪನಿ 1986ರಲ್ಲಿ ಹೊರತಂದ ಕಾರು ಓಡಿಸುವ ಆರ್ಕೇಡ್ ಆಟ. ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಮೆಗಾ ಡ್ರೈವ್ ಕನ್ಸೋಲಿಗೆ ಅದನ್ನು 1991ರಲ್ಲಿ ಅಳವಡಿಸಲಾಯಿತು. ಆಟದ ನಿರ್ದೇಶಕರು ಯು ಸುಜುಕಿ, ಮೂಲ ಸಂಗೀತ ಹಿರೋಶಿ ಕವಾಗುಚಿ ಅವರದು. ಪ್ರೋಗ್ರಾಮರ್ ಆಗಿ ಸೆಗಾ ಸೇರಿದ್ದ ಕವಾಗುಚಿ, 1985ರ ಹ್ಯಾಂಗ್ ಆನ್ ಎಂಬ ಬೈಕ್ ಆಟಕ್ಕೆ ಸಂಗೀತ ಕೊಟ್ಟ ಮೇಲೆ ಸಂಗೀತಗಾರರಾಗಿಯೇ ಹೆಸರಾದರು.

ಈ ಆಟದಲ್ಲಿ ಸಂಗೀತಕ್ಕೆ ವಿಶೇಷ ಸ್ಥಾನವಿದೆ. ಕಾರು ಹೊರಡುವ ಮುನ್ನ ಪರದೆಯ ಮೇಲೆ ರೇಡಿಯೊ ಕಾಣಿಸುತ್ತದೆ. ಆಡುವವರು ಸ್ಟೀರಿಂಗ್ ತಿರುಗಿಸಿ ಮ್ಯಾಜಿಕಲ್ ಸೌಂಡ್ ಶವರ್, ಪಾಸಿಂಗ್ ಬ್ರೀಜ್, ಸ್ಪ್ಲಾಶ್ ವೇವ್ ಎಂಬ ಮೂರು ವಾದ್ಯರಚನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ದಾರಿ ಕವಲೊಡೆದು ಒಂದು ಹಂತ ಮುಗಿದು ಮತ್ತೊಂದು ಶುರುವಾದರೂ ಸಂಗೀತ ನಿಲ್ಲದೆ ಸಾಗುತ್ತದೆ. ಆಟ ಮುಗಿದು, ಹೆಚ್ಚು ಅಂಕ ಪಡೆದವರು ಹೆಸರು ಬರೆಯುವಾಗ ಕೇಳುವುದು ಲಾಸ್ಟ್ ವೇವ್ ಎಂಬ ನಾಲ್ಕನೆಯ, ಶಾಂತವಾದ ರಚನೆ. ಲ್ಯಾಟಿನ್ ಅಮೆರಿಕದ ಲಯ ಮತ್ತು ಜಾಸ್ ಛಾಯೆಯ ಈ ರಚನೆಗಳನ್ನು ಕಿತ್ತುಹಾಕಿದರೆ ಔಟ್ ರನ್ ಅರ್ಧ ಆಟವಾದೀತು. ಹಾಗಾಗಿ ಅಳವಡಿಸುವವರ ಮುಂದೆ ಚಿತ್ರದಷ್ಟೇ ದೊಡ್ಡ ಸವಾಲಾಗಿ ಸಂಗೀತವೂ ನಿಂತಿತ್ತು.

ಆರ್ಕೇಡ್ ಯಂತ್ರದಲ್ಲಿ ಎರಡು ಧ್ವನಿ ಚಿಪ್‌ಗಳಿದ್ದವು. ಯಮಾಹಾ ವೈಎಂ2151 ಎಂಟು ಚಾನೆಲ್‌ಗಳಲ್ಲಿ ಎಫ್‌ಎಂ ವಿಧಾನದಿಂದ ನಾದ ಹುಟ್ಟಿಸುತ್ತಿತ್ತು. ಒಂದು ತರಂಗದ ಕಂಪನವನ್ನು ಇನ್ನೊಂದು ತರಂಗದಿಂದ ಏರುಪೇರು ಮಾಡಿ ಗಂಟೆ, ಹಿತ್ತಾಳೆಯ ವಾದ್ಯ, ಬಾಸ್‌ಗಳ ಬಣ್ಣ ತರುವುದೇ ಈ ವಿಧಾನ. 1983ರ ಡಿಎಕ್ಸ್7 ಕೀಬೋರ್ಡ್ ಇದನ್ನು ಲೋಕಪ್ರಿಯಗೊಳಿಸಿತ್ತು. ಇದರ ಜೊತೆಗೆ ಸೆಗಾದ ಪಿಸಿಎಂ ಚಿಪ್, ಮುದ್ರಿಸಿಟ್ಟ ಸದ್ದುಗಳನ್ನು ಹದಿನಾರು ಚಾನೆಲ್‌ಗಳಲ್ಲಿ ನುಡಿಸಬಲ್ಲದಾಗಿತ್ತು.

ಮೆಗಾ ಡ್ರೈವ್‌ನ ವೈಎಂ2612 ಚಿಪ್ ವೈಎಂ2151ರ ಕುಟುಂಬದ್ದೇ. ಒಂದೊಂದು ನಾದಕ್ಕೂ ತರಂಗ ಹುಟ್ಟಿಸುವ ನಾಲ್ಕು ಆಪರೇಟರ್‌ಗಳು ದುಡಿಯುವುದು ಎರಡರಲ್ಲೂ ಒಂದೇ. ಆದರೆ ಇಲ್ಲಿ ಚಾನೆಲ್‌ಗಳು ಆರೇ. ಮುದ್ರಿತ ಸದ್ದು ಬೇಕೆಂದರೆ ಆರನೆಯ ಚಾನೆಲನ್ನೂ ಅದಕ್ಕೆ ಬಿಟ್ಟುಕೊಡಬೇಕು. ವೈಎಂ2151ರ ಎಂಟನೆಯ ಚಾನೆಲಿನಲ್ಲಿದ್ದ ಗದ್ದಲದ (ನಾಯ್ಸ್) ಸೌಲಭ್ಯವೂ ಇದರಲ್ಲಿಲ್ಲ. ಆ ಕೊರತೆ ನೀಗಿಸುವಂತೆ ಪಕ್ಕದಲ್ಲಿ ಹಳೆಯ ಧ್ವನಿ ಚಿಪ್ ಪಿಎಸ್‌ಜಿ ಇದೆ: ಮೂರು ಸರಳ ಸ್ವರ, ಒಂದು ಗದ್ದಲ. ಎಂಜಿನ್ನಿನ ಮೊರೆತ, ಟೈರಿನ ಚೀರಾಟ ಎಲ್ಲವೂ ಇಷ್ಟರಲ್ಲೇ ಹೊಂದಬೇಕು. ದೊಡ್ಡ ಮೇಳದವರು ನುಡಿಸುತ್ತಿದ್ದುದನ್ನು ಅರ್ಧ ಮೇಳಕ್ಕೆ ಹಂಚಿಕೊಟ್ಟಂತೆ. ಯಾವ ಎಳೆ ಉಳಿಯಬೇಕು, ಯಾವುದು ಹೋದರೂ ನಡೆದೀತು ಎಂದು ತೀರ್ಮಾನಿಸುವುದೇ ಇಲ್ಲಿನ ಕಲೆ. ಮುಖ್ಯ ರಾಗ ಮತ್ತು ಬಾಸ್ ಅಚ್ಚುಕಟ್ಟಾಗಿ ಉಳಿದಿವೆ. ತಾಳವಾದ್ಯಗಳು ಮಾತ್ರ ಮೂಲದಷ್ಟು ತುಂಬಿ ಬರುವುದಿಲ್ಲ.

ಈ ಆವೃತ್ತಿಯ ಹೆಗ್ಗಳಿಕೆ ಸ್ಟೆಪ್ ಆನ್ ಬೀಟ್ ಎಂಬ ಹೊಸ ರಚನೆ. ಆರ್ಕೇಡಿನಲ್ಲಿ ಇಲ್ಲದ ಇದು ರೇಡಿಯೊದ ನಾಲ್ಕನೆಯ ಆಯ್ಕೆಯಾಗಿ ಬಂತು. ಉಳಿದ ಮೂರರಂತೆ ಇದು ದೊಡ್ಡ ಯಂತ್ರದಿಂದ ಇಳಿಸಿ ತಂದದ್ದಲ್ಲ. ಮನೆಯ ಕನ್ಸೋಲಿಗೆಂದೇ ಹುಟ್ಟಿದ್ದರಿಂದ ಇದರಲ್ಲಿ ಏನೋ ಕಳೆದುಹೋಯಿತೆಂದು ಅನ್ನಿಸುವುದೇ ಇಲ್ಲ.

ಮೆಗಾ ಡ್ರೈವ್‌ಗಿಂತ ಮೊದಲು, 1987ರಲ್ಲಿ, ಸೆಗಾದ ಹಿಂದಿನ ಕನ್ಸೋಲ್ ಮಾಸ್ಟರ್ ಸಿಸ್ಟಮ್‌ಗೂ ಔಟ್ ರನ್ ಬಂದಿತ್ತು. ಅಲ್ಲಿ ಆ ಪಿಎಸ್‌ಜಿಯೊಂದೇ ಗತಿ. ಜಪಾನಿನಲ್ಲಿ ಮಾತ್ರ ವೈಎಂ2413 ಎಂಬ ಚಿಕ್ಕ ಎಫ್‌ಎಂ ಚಿಪ್ ಇದ್ದವರಿಗೆ ಇನ್ನಷ್ಟು ಮೃದುವಾದ ನಾದ ಸಿಗುತ್ತಿತ್ತು. ಮೂರೇ ಸ್ವರಗಳಿಗೆ ಇಳಿದ ಮೇಲೂ ಮ್ಯಾಜಿಕಲ್ ಸೌಂಡ್ ಶವರ್‌ನ ಗುರುತು ಕ್ಷಣದಲ್ಲಿ ಸಿಗುತ್ತದೆ. ಕವಾಗುಚಿ ಅವರ ರಾಗದ ಕಸುವಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈ ಸಂಗೀತವನ್ನು ಮೊದಲ ಸಲ ಕೇಳುವವರು ಮಾಸ್ಟರ್ ಸಿಸ್ಟಮ್‌ನಿಂದ ಹೊರಟು, ಮೆಗಾ ಡ್ರೈವ್ ದಾಟಿ, ಕೊನೆಗೆ ಆರ್ಕೇಡಿಗೆ ಬರುವುದು ಒಳ್ಳೆಯದು. ಒಂದೊಂದು ಮೆಟ್ಟಿಲಲ್ಲೂ ಹೊಸದಾಗಿ ಸೇರುವ ವಾದ್ಯ ಯಾವುದೆಂದು ಕಿವಿಗೇ ತಿಳಿಯುತ್ತದೆ.